ಹೊಡೆಯದೆ ಬಿಟ್ಟ ಗುಂಡು

ಕೊಲೊರಾಡೋದಲ್ಲಿ ಅಕ್ಟೋಬರ್ ಬಂತೂಂದ್ರೆ ನಮ್ಮ ಟೀಮಿನ ಅರ್ಧ ಜನ ರಜಾ. ಎಲ್ಕ್ ಬೇಟೆ! ನಮ್ಮ ಕಡವೆಯ ನೆಂಟ ಅಂದುಕೊಳ್ಳಿ, ದೊಡ್ಡ ಗಂಡು ಮುನ್ನೂರು ಕೆ.ಜಿ. ದಾಟುತ್ತೆ. ನಾನೋ ಅಪ್ಪಟ ಪುಳಿಚಾರು. ನಮ್ಮೂರ ಕಡೆ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅನ್ನೋದು ಕತೆಪುಸ್ತಕ ಸೇರಿತು. ನನಗೆ ಗೊತ್ತಿರೋದೂ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಅಷ್ಟೇ. ಹಾಗಾಗಿ ಪಕ್ಕದ ಕ್ಯೂಬಿಕಲ್ಲಿನವನು "ಎಥಿಕಲ್ ಶಾಟ್" ಅಂದಾಗ ನಗು ಬಂತು. ಕೊಲ್ಲೋದ್ರಲ್ಲಿ ಎಂಥಾ ನೀತಿ ಮಾರಾಯಾ?

ಅವನು ವೈಟ್‌ಬೋರ್ಡ್ ಮೇಲೆ ಎಲ್ಕ್ ಬರೆದೇ ಬಿಟ್ಟ (ನೋಡೋಕೆ ಎಮ್ಮೆ ಥರ ಇತ್ತು, ಇರಲಿ). ಗುರಿ ತಲೆಗಲ್ಲವಂತೆ. ಮಿದುಳು ಚಿಕ್ಕದು, ತಲೆ ಸದಾ ಅಲ್ಲಾಡ್ತಿರುತ್ತೆ. ಚೂರು ತಪ್ಪಿದರೆ ದವಡೆ ಮುರಿದು, ಮೇಯಲಾಗದೆ ದಿನಗಟ್ಟಲೆ ನರಳಿ ಸಾಯುತ್ತೆ. ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಿರಬೇಕು. ಮುಂಗಾಲಿನ ಹಿಂಬದಿಯ ಗೆರೆ ಹಿಡಿದು ಮೇಲೆ ಹೋಗಿ, ಎದೆಯ ಎತ್ತರದ ಮೂರನೇ ಒಂದು ಭಾಗದಲ್ಲಿ ನಿಲ್ಲಿ. ಅಲ್ಲೇ ಎರಡೂ ಶ್ವಾಸಕೋಶ, ಅದರ ಕೆಳಗೆ ಹೃದಯ. ಸ್ವಲ್ಪ ಆಚೆ ತಿರುಗಿದ್ದರೆ ಆಚೆ ಬದಿಯ ಭುಜಕ್ಕೆ ಗುರಿ. ನೇರ ಎದುರಿಗೋ ಬೆನ್ನು ಮಾಡಿಯೋ ನಿಂತಿದ್ದರೆ ಬಂದೂಕು ಕೆಳಗೆ.

ನನಗೆ ತಟ್ಟಿದ್ದು ದೂರದ ಲೆಕ್ಕ. ಈಗಿನ ಸ್ಕೋಪುಗಳಲ್ಲಿ ಅರ್ಧ ಮೈಲಿ ಆಚೆಗಿನ ಪ್ರಾಣಿಯೂ ಪಕ್ಕದಲ್ಲೇ ಇದ್ದಂತೆ ಕಾಣುತ್ತೆ. ಆದರೆ ಗುಂಡು ಅಲ್ಲಿಗೆ ತಲುಪೋಕೆ ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ನಮ್ಮ ಭಾಷೆಯಲ್ಲಿ ಲೇಟೆನ್ಸಿ! ಅಷ್ಟರಲ್ಲಿ ಎಲ್ಕ್ ಒಂದು ಹೆಜ್ಜೆ ಮುಂದಿಟ್ಟರೆ ಶ್ವಾಸಕೋಶದ ಗುಂಡು ಹೊಟ್ಟೆಗೆ. ಎದೆಗೆ ಬಿದ್ದರೆ ನಿಮಿಷದೊಳಗೆ ಮುಗಿಯೋದು, ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ. ಕೂಡಲೇ ಬೆನ್ನಟ್ಟುವಂತೆಯೂ ಇಲ್ಲ, ಹೆದರಿ ಮೈಲಿಗಟ್ಟಲೆ ಓಡುತ್ತೆ; ಕಾದು ರಕ್ತದ ಜಾಡು ಹಿಡಿದು ಹೋಗಬೇಕು. ಗಾಯಗೊಳಿಸಿ ಹುಡುಕದೆ ಬಂದರೆ ಕೊಲೊರಾಡೋ ಕಾನೂನಿನಲ್ಲಿ ಅಪರಾಧ. ಒಳ್ಳೆ ಕಾನೂನು. ಆದ್ರೆ ಆ ಕಾಡಲ್ಲಿ ನೋಡೋರ್ಯಾರು?

"ಹೇಗೆ ಸತ್ತರೂ ಎಲ್ಕಿಗೆ ಸಾವು ಸಾವೇ ಅಲ್ವಾ?" ಅಂದೆ. "ಅಲ್ಲ," ಅಂದ, "ಒಂದು ನಿಮಿಷಕ್ಕೂ ಒಂದು ರಾತ್ರಿಗೂ ವ್ಯತ್ಯಾಸ ಇದೆ." ಬೇಟೆ ಸರಿ ಅಂತ ನನಗೆ ಈಗಲೂ ಅನ್ನಿಸಲ್ಲ. ಆದರೆ ಆ ಮಾತಿಗೆ ಉತ್ತರ ಸಿಗಲಿಲ್ಲ.

ಈ ಸಲ ಅವನು ಬರಿಗೈಲಿ ಬಂದ. ಇನ್ನೂರು ಗಜದಲ್ಲಿ ದೊಡ್ಡ ಕೊಂಬಿನದೊಂದು ಸಿಕ್ಕಿತ್ತಂತೆ, ಇವನತ್ತಲೇ ಮುಖ ಮಾಡಿ. ಹತ್ತು ನಿಮಿಷ ಕಾದನಂತೆ, ತಿರುಗಲಿಲ್ಲ. ಕೊನೆಗೆ ಹಿಂದೆ ಸರಿದು ಮರಗಳೊಳಗೆ ಹೋಯ್ತಂತೆ. ಮಧ್ಯಾಹ್ನ ನನ್ನ ಡಬ್ಬಿಯ ಪುಳಿಯೋಗರೆ ಅರ್ಧ ಅವನಿಗೆ ಕೊಟ್ಟೆ :)