ಮಾಗಿಯ ರಸ್ತೆ, ಹುರುಳಿಯ ಕಣ ಮತ್ತು ಗಾಲಿಯ ವಿಚಾರ

ಈ ಶೀರ್ಷಿಕೆಯನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಟಯರಿನ ವಿಚಾರಕ್ಕೂ ಈ ಪುಟಗಳಿಗೂ ಏನು ಸಂಬಂಧವೆಂದು ಕೇಳಬಹುದು. ಆದರೆ ತಾವೇ ಯೋಚಿಸಿ ನೋಡಿ. ಒಂದು ಕಾಲಕ್ಕೆ ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಬಸ್ಸಿಳಿದು, ವಿದ್ಯಾರ್ಥಿನಿಲಯದ ಬಾಗಿಲಿಗೆ ನಡೆದು ಬಂದವರ ಮಕ್ಕಳು ಇಂದು ಡಿಸೆಂಬರಿನ ರಜೆಗೆ ಊರಿಗೆ ಬರುವುದು ಸ್ವಂತ ಕಾರುಗಳಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ರಸ್ತೆಗಳು ವರ್ಷದಲ್ಲಿ ಅತ್ಯಂತ ಇಕ್ಕಟ್ಟಾಗಿರುವ ತಿಂಗಳುಗಳಲ್ಲಿಯೇ ಅವರು ಬರುತ್ತಾರೆ. ಮೂವತ್ತು ವರ್ಷಗಳ ಕಾಲ ಮೋಟಾರು ದುರಸ್ತಿಶಾಲೆಯಲ್ಲಿ ಮೇಲ್ವಿಚಾರಕನಾಗಿದ್ದ ನನಗೆ ಈ ವಿಷಯದಲ್ಲಿ ನಾಲ್ಕು ಮಾತುಗಳನ್ನು ನಿವೇದಿಸಿಕೊಳ್ಳುವ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ನನ್ನ ತಂಗಿಯ ಮಗನೊಬ್ಬನು ಬೆಂಗಳೂರಿನಲ್ಲಿ ಉದ್ಯೋಗಿ. ಎರಡೇ ಬಾಗಿಲಿನ, ನೆಲಕ್ಕೆ ಅಂಟಿಕೊಂಡಂತೆ ಕಾಣುವ ಸ್ಪೋರ್ಟ್ಸ್ ಕಾರೊಂದನ್ನು ಇನ್ನೊಬ್ಬರಿಂದ ಕೊಂಡನು. ಚಳಿಗಾಲಕ್ಕೆಂದೇ ಬೇರೆ ಟಯರುಗಳಿರುತ್ತವೆಂದು ಎಲ್ಲಿಯೋ ಓದಿ, ಅವನ್ನು ತರಿಸಲೇ ಎಂದು ನನ್ನನ್ನು ದೂರವಾಣಿಯಲ್ಲಿ ಕೇಳಿದನು. ಬೇಡವೆಂದೆ. ಕಾರಣ ಸರಳವಾದುದು. ಯೂರೋಪಿನ ಚಳಿಗಾಲದ ಟಯರುಗಳ ರಬ್ಬರು ಮೃದುವಾದುದು. ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಸಾಮಾನ್ಯ ರಬ್ಬರು ಪೆಡಸಾಗುತ್ತದೆ, ಇದು ಆಗುವುದಿಲ್ಲ. ನಮ್ಮ ಸೀಮೆಯಲ್ಲಿ ಮಾಗಿಯ ರಾತ್ರಿಯೂ ಹತ್ತು ಡಿಗ್ರಿಗಿಂತ ಕೆಳಗೆ ಹೋಗುವುದು ಅಪರೂಪ; ಮಧ್ಯಾಹ್ನವಂತೂ ಇಪ್ಪತ್ತೆಂಟರ ಆಸುಪಾಸು. ಆ ಡಾಂಬರಿನ ಮೇಲೆ ಹಿಮದ ನಾಡಿನ ಟಯರು ಪೆನ್ಸಿಲಿನ ಹಿಂದಿನ ರಬ್ಬರಿನಂತೆ ಸವೆದುಹೋಗುತ್ತದೆ, ಬ್ರೇಕು ಹಾಕಿದಾಗ ಹಿಡಿತವನ್ನೂ ಕೊಡುವುದಿಲ್ಲ.

ಹಾಗಾದರೆ ನಮಗೆ ಚಳಿಗಾಲವೆಂಬುದೇ ಇಲ್ಲವೆ? ಇದೆ, ಅದರ ರೂಪ ಬೇರೆ. ಮೊದಲನೆಯದು ಮಂಜು. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ಕಾವೇರಿಯ ಕಾಲುವೆ ಬಯಲಿನಲ್ಲಿ, ಲಕ್ಷ್ಮಣತೀರ್ಥದ ತಗ್ಗಿನಲ್ಲಿ, ಕಬಿನಿಯ ಹಿನ್ನೀರಿನ ಅಂಚಿನಲ್ಲಿ ಆ ತಣ್ಣನೆಯ ನೆಲವನ್ನು ಮುಟ್ಟಿದ ತೇವದ ಗಾಳಿ ಮಂಜಾಗಿ ನಿಲ್ಲುತ್ತದೆ. ಕೆಲವು ದಿನ ಬಿಸಿಲೇರುವವರೆಗೂ ಅದು ಕರಗುವುದಿಲ್ಲ. ಅದೇ ವೇಳೆಗೆ ಹೊಗೆಸೊಪ್ಪಿನ ಬೇಲುಗಳನ್ನು ಹೇರಿಕೊಂಡ ಟ್ರಾಕ್ಟರುಗಳು, ಹಿಂದೆ ಕೆಂಪು ದೀಪವೂ ಇಲ್ಲದೆ, ಹರಾಜುಕಟ್ಟೆಯತ್ತ ಸಾಗುತ್ತಿರುತ್ತವೆ. ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ಜಾತ್ರೆಗೆ ಹೋಗುವ ಎತ್ತಿನ ಜೋಡಿಗಳೂ ಇದೇ ರಸ್ತೆಯಲ್ಲಿ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗಿರುತ್ತದೆ. ಕಣ್ಣು ಕಂಡದ್ದನ್ನು ಕಾಲು ಬ್ರೇಕಿಗೆ ತಿಳಿಸುವುದಕ್ಕೇ ಆ ಒಂದು ಸೆಕೆಂಡು ಬೇಕು. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ ಐವತ್ತು ಮೀಟರ್. ಮಂಜಿನಲ್ಲಿ ಕಾಣುವುದು ಮೂವತ್ತು ಮೀಟರ್ ಎಂದಾದರೆ, ಲೆಕ್ಕವನ್ನು ತಾವೇ ಮಾಡಿಕೊಳ್ಳಬಹುದು. ಗಂಟೆಗೆ ನಲವತ್ತಾದರೆ ಎಲ್ಲವೂ ಸೇರಿ ಇಪ್ಪತ್ತೈದು ಮೀಟರಿನೊಳಗೆ ಮುಗಿಯುತ್ತದೆ. ಯಾವ ಟಯರೂ ಈ ಗಣಿತವನ್ನು ಬದಲಿಸಲಾರದು.

ಇನ್ನು ಆಯ್ಕೆಯ ಮಾತು. ಸ್ಪೋರ್ಟ್ಸ್ ಕಾರುಗಳಿಗೆ ಬಹಳ ಅಗಲವಾದ, ಪಕ್ಕದ ಗೋಡೆ ಬಹಳ ಗಿಡ್ಡವಾದ ಟಯರುಗಳನ್ನು ಹಾಕಿರುತ್ತಾರೆ. ತಿರುವುಗಳಲ್ಲಿ ಅವು ಚೆನ್ನ, ಗುಂಡಿಗಳಲ್ಲಿ ಅಲ್ಲ. ಟಯರಿನ ಪಕ್ಕದಲ್ಲಿ 225/45 ಆರ್17 ಎಂದಿದ್ದರೆ ಅಗಲ 225 ಮಿಲಿಮೀಟರ್, ಗೋಡೆಯ ಎತ್ತರ ಅದರ ನೂರಕ್ಕೆ 45 ಪಾಲು ಎಂದರೆ ಸುಮಾರು 101 ಮಿಲಿಮೀಟರ್, ಚಕ್ರದ ವ್ಯಾಸ 17 ಅಂಗುಲ. ಇದರ ಬದಲು 205/55 ಆರ್16 ಹಾಕಿದರೆ ಗೋಡೆ 113 ಮಿಲಿಮೀಟರಿನಷ್ಟಾಗುತ್ತದೆ. ಒಟ್ಟು ವ್ಯಾಸದಲ್ಲಿ ಬರುವ ವ್ಯತ್ಯಾಸ ಎರಡೂವರೆ ಮಿಲಿಮೀಟರ್ ಅಷ್ಟೆ. ಆದುದರಿಂದ ವೇಗಮಾಪಕವೂ ಸುಳ್ಳು ಹೇಳುವುದಿಲ್ಲ. ಒಂದು ಅಂಗುಲ ಚಿಕ್ಕ ಚಕ್ರವು ಆ ಕಾರಿನ ಬ್ರೇಕಿನ ಮೇಲೆ ಕೂರುತ್ತದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಭಾರ ಮತ್ತು ವೇಗದ ಸೂಚ್ಯಂಕಗಳು ಕಾರು ತಯಾರಕರು ಹೇಳಿದುದಕ್ಕಿಂತ ಕಡಿಮೆಯಿರಬಾರದು. ಹೊಳೆಯುವ ದೊಡ್ಡ ಚಕ್ರ ಹೋಗುತ್ತದೆಂದು ಹುಡುಗನಿಗೆ ಬೇಸರವಾಯಿತು. ಆಗಲಿ.

ವಯಸ್ಸನ್ನೂ ನೋಡಬೇಕು. ಅಪರೂಪಕ್ಕೆ ಹೊರಗೆ ಬರುವ ಕಾರಿನ ಟಯರು ಸವೆಯುವ ಮೊದಲೇ ಮುದಿಯಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 3619 ಎಂದರೆ 2019ನೆಯ ಇಸವಿಯ 36ನೆಯ ವಾರ. ಗೀರುಗಳ ತಳದಲ್ಲಿರುವ 1.6 ಮಿಲಿಮೀಟರಿನ ಸೂಚಕಪಟ್ಟಿ ಇನ್ನೂ ದೂರದಲ್ಲಿದ್ದರೂ, ಆರು ವರ್ಷ ದಾಟಿದ ರಬ್ಬರನ್ನು ಬಲ್ಲವರಿಗೆ ತೋರಿಸುವುದು ಲೇಸು. ಗಾಳಿಯನ್ನು ಬೆಳಗಿನ ತಣ್ಣಗಿನ ಟಯರಿನಲ್ಲಿ ಅಳೆಯಬೇಕು. ಮಧ್ಯಾಹ್ನದ ಮೂವತ್ತು ಡಿಗ್ರಿಯಲ್ಲಿ ಸರಿಯಿದ್ದ ಒತ್ತಡ, ಮುಂಜಾವಿನ ಹದಿನಾಲ್ಕಕ್ಕೆ ಸುಮಾರು ಮೂರು ಪೌಂಡು ಇಳಿದಿರುತ್ತದೆ.

ಇಷ್ಟೆಲ್ಲ ಹೇಳಿ ಕಳುಹಿಸಿದೆ. ಅವನು ಎಲ್ಲವನ್ನೂ ಪಾಲಿಸಿದನು. ಆದರೂ ಕಳೆದ ಪುಷ್ಯಮಾಸದಲ್ಲಿ, ಹುಣಸೂರಿನಿಂದ ಹೆಗ್ಗಡದೇವನಕೋಟೆಯ ಕಡೆಗೆ ನಾವಿಬ್ಬರೂ ಹೋಗುತ್ತಿರುವಾಗ, ಟಯರಿಗೆ ಸಂಬಂಧವೇ ಇಲ್ಲದ ಸಂಗತಿಯೊಂದು ಎದುರಾಯಿತು. ರಸ್ತೆಯ ಉದ್ದಕ್ಕೂ ಹುರುಳಿಯನ್ನು ಹರಡಿದ್ದರು. ಮೊಣಕಾಲೆತ್ತರದ ಒಣ ಬಳ್ಳಿ. ಬಸ್ಸುಗಳು, ಟ್ರಾಕ್ಟರುಗಳು ಅದರ ಮೇಲೆ ಹರಿದರೆ ಕಾಯಿ ಒಡೆದು ಕಾಳು ಬೀಳುತ್ತದೆ, ಪುಕ್ಕಟೆಯಾಗಿ ಒಕ್ಕಣೆಯಾಗುತ್ತದೆ. ಸಾಮಾನ್ಯ ಕಾರಿನ ಹೊಟ್ಟೆ ನೆಲದಿಂದ 165ರಿಂದ 180 ಮಿಲಿಮೀಟರ್ ಮೇಲಿದ್ದರೆ, ಇಂತಹ ಕಾರಿನದು 110ರಿಂದ 130. ನಿಧಾನವಾಗಿಯೇ ಸಾಗಿದೆವು. ಮುಂದಿದ್ದ ಬಸ್ಸು ನಿಂತುದರಿಂದ ಆ ರಾಶಿಯ ನಡುವೆಯೇ ನಿಲ್ಲಬೇಕಾಯಿತು. ಹೊಗೆಕೊಳವೆಯ ಶುದ್ಧೀಕರಣ ಪೆಟ್ಟಿಗೆ ನೂರಾರು ಡಿಗ್ರಿ ಕಾದಿರುತ್ತದೆ. ಅದಕ್ಕೆ ಒಣ ಬಳ್ಳಿ ತಗುಲಿಕೊಂಡರೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸುಟ್ಟ ವಾಸನೆ ಬಂದಿತು, ಅನಂತರ ಹೊಗೆ.

ಕಾರನ್ನು ಉಳಿಸಿದವರು ಹುರುಳಿ ಹರಡಿದವರೇ. ಇಬ್ಬರು ಹೆಂಗಸರು ಕವೆಗೋಲಿನಿಂದ ಬಳ್ಳಿಯನ್ನು ಎಳೆದು ಹಾಕಿದರು. ಒಬ್ಬ ಮುದುಕನು ರಸ್ತೆಯಂಚಿನ ಮಣ್ಣನ್ನು ಮೊರದಲ್ಲಿ ತುಂಬಿ ತುಂಬಿ ಎರಚಿದನು. ಕಾರಿನ ಅಡಿಯ ಒಂದೆರಡು ತಂತಿಗಳು ಕರಗಿದ್ದವು, ಅಷ್ಟೆ. ಅವರ ಹುರುಳಿಯಲ್ಲಿ ಒಂದು ಪಾಲು ಸುಟ್ಟು ಮಣ್ಣುಪಾಲಾಗಿತ್ತು. ಹುಡುಗನು ಸಿಟ್ಟಿನಿಂದ, ಇದು ಕಾನೂನಿಗೆ ವಿರುದ್ಧ, ದೂರು ಕೊಡುತ್ತೇನೆ ಎಂದನು. ಅವರಲ್ಲಿ ಹಿರಿಯಳು ಸೆರಗಿನಿಂದ ಮುಖವನ್ನೊರೆಸಿಕೊಂಡು, “ಕೊಡಪ್ಪ. ಕಣ ಮಾಡಾಕೆ ಜಾಗ ಎಲ್ಲೈತೆ ಅಂತ್ಲೂ ಅವರನ್ನೇ ಕೇಳು” ಎಂದಳು.

ವಾಚಕರಲ್ಲಿ ಹಳ್ಳಿಯಿಂದ ಬಂದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಬೇಕಾಗಿಲ್ಲ. ಹೊಲದ ಮೂಲೆಯೊಂದನ್ನು ಕೆತ್ತಿ, ನೀರು ಚಿಮುಕಿಸಿ, ಗುಂಡು ಹೊಡೆದು ಗಟ್ಟಿಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು ಕಣ ಮಾಡುತ್ತಿದ್ದೆವು. ರಾಶಿಗೆ ಪೂಜೆಯಾಗದೆ ಒಂದು ಸೇರು ಕಾಳೂ ಮನೆಗೆ ಹೋಗುತ್ತಿರಲಿಲ್ಲ. ಅದಕ್ಕೆ ನಾಲ್ಕು ಆಳು, ಒಂದು ಜೊತೆ ಎತ್ತು ಬೇಕು. ಹೊಲಗಳು ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಒಂದೊಂದು ಎಕರೆಯಾದವು, ಎತ್ತುಗಳು ಕಡಿಮೆಯಾದವು, ಆಳುಗಳು ಪಟ್ಟಣ ಸೇರಿದರು. ಆಳುಗಳೆಂದರೆ ಯಾರು? ನಾವೇ, ನಮ್ಮ ಮಕ್ಕಳೇ. ಆ ಕಾರಿನಲ್ಲಿದ್ದ ಇಬ್ಬರ ಮನೆತನದ ಕಣವೂ ಇಂದು ಇಲ್ಲ.

ಹಾಗೆಂದು ರಸ್ತೆಯಲ್ಲಿ ಒಕ್ಕಣೆ ಮಾಡುವುದು ಸರಿಯೆಂದು ನಾನು ವಾದಿಸಲಾರೆ. ಹುರುಳಿಕಾಳು ಡಾಂಬರಿನ ಮೇಲೆ ಗೋಲಿಗಳಂತೆ ಉರುಳುತ್ತದೆ. ದ್ವಿಚಕ್ರದ ಸವಾರನಿಗೆ ಅದು ಪ್ರಾಣಾಂತಿಕ. ಟಯರಿನ ಗೀರುಗಳು ನೀರನ್ನು ಹೊರದೂಡುವುದಕ್ಕೆ ಇರುವುವು, ಕಾಳನ್ನಲ್ಲ. ಕೆಲವು ಊರುಗಳಲ್ಲಿ ಸಿಮೆಂಟಿನ ಸಾಮೂಹಿಕ ಕಣಗಳು ಬಂದಿವೆ. ಊರಿಗೆ ನೆರವಾಗಬಯಸುವ ಹಳೆಯ ವಿದ್ಯಾರ್ಥಿಗಳು ಸ್ವಾಗತ ಕಮಾನಿಗಿಂತ ಮೊದಲು ಇದನ್ನು ಪರಿಗಣಿಸಬಹುದು.

ತಮ್ಮ ಕಾರು ತಗ್ಗಿನದಾಗಿದ್ದರೆ, ಡಿಸೆಂಬರಿನಿಂದ ಫೆಬ್ರವರಿಯವರೆಗೆ ಒಕ್ಕಣೆ ಕಂಡಲ್ಲಿ ರಾಶಿಯ ಮೇಲೆ ನಿಲ್ಲಬೇಡಿ. ಮುಂದಿನ ವಾಹನ ದಾಟುವವರೆಗೆ ಹಿಂದೆಯೇ ಕಾಯಿರಿ. ದಾಟಿದ ಮೇಲೆ ಬರಿಯ ನೆಲದಲ್ಲಿ ನಿಲ್ಲಿಸಿ, ಬಗ್ಗಿ ಅಡಿಯನ್ನು ನೋಡಿ, ಸಿಕ್ಕಿದ ಬಳ್ಳಿಯನ್ನು ಕೋಲಿನಿಂದ ಬಿಡಿಸಿರಿ, ಕೈ ಹಾಕಬೇಡಿರಿ. ಪುಡಿಯ ಅಗ್ನಿಶಾಮಕವೊಂದು ಆಸನದ ಕೆಳಗಿರಲಿ. ನಮ್ಮ ಹುಡುಗನು ಈಗ ಅದನ್ನು ಇಟ್ಟುಕೊಂಡಿದ್ದಾನೆ. ಆ ದಿನ ಸುಟ್ಟ ಹುರುಳಿಗೆ ಹಣ ಕೊಡಲು ಹೋದಾಗ ಮುದುಕನು ತೆಗೆದುಕೊಳ್ಳಲಿಲ್ಲ. ಅವರೆಕಾಯಿಯ ಒಂದು ಗಂಟನ್ನು ಹಿಂದಿನ ಸೀಟಿಗೆ ಹಾಕಿಸಿದನು. ಸೊಗಡಿನ ವಾಸನೆ ಬೆಂಗಳೂರು ತಲುಪಿದ ಮೇಲೂ ಒಂದು ವಾರ ಕಾರಿನಿಂದ ಹೋಗಿರಲಿಲ್ಲವಂತೆ.