ಆಗುಂಬೆ ಘಾಟಿಯಲ್ಲಿ ಸ್ಟೇರಿಂಗ್ ಮುನಿಸಿಕೊಂಡಾಗ...

ಸಿನಿಮಾದಲ್ಲಿ ಹೀರೋ ಕಾರು ಓಡಿಸೋದನ್ನ ನೋಡಿದ್ದೀರಲ್ಲ? ಒಂದು ಕೈ ಕಿಟಕಿ ಮೇಲೆ, ಇನ್ನೊಂದು ಕೈಯ ಎರಡೇ ಬೆರಳು ಸ್ಟೇರಿಂಗ್ ಮೇಲೆ. ಕಣ್ಣು ರಸ್ತೆ ಮೇಲಲ್ಲ, ಪಕ್ಕದಲ್ಲಿ ಕೂತ ನಾಯಕಿ ಮೇಲೆ! ಹಳೇ ಚಿತ್ರಗಳಲ್ಲಿ ಗಾಡಿ ಸ್ಟುಡಿಯೋದೊಳಗೆ ನಿಂತೇ ಇರುತ್ತಿತ್ತು, ಹಿಂದಿನ ಪರದೆ ಮೇಲೆ ಮರಗಳು ತಮ್ಮ ಪಾಡಿಗೆ ಓಡುತ್ತಿದ್ದವು. ಆಗುಂಬೆ ಘಾಟಿಯಲ್ಲಿ ಆ ಪರದೆ ಇಲ್ಲ ಸ್ವಾಮಿ. ಅಲ್ಲಿ ಮರ ನಿಂತಿರುತ್ತೆ, ಓಡೋದು ನಾವು! ಇದು ನನಗೆ ಗೊತ್ತಾಗಿದ್ದು 2017ರ ನವೆಂಬರ್ 9ರ ಸಂಜೆ.

ಆ ತಾರೀಖು ನಿಮಗೆ ಹೇಳಿಕೊಡಬೇಕಾಗಿಲ್ಲ. ಶಂಕರ್‌ನಾಗ್ ಹುಟ್ಟಿದ ದಿನ. ಹೆಬ್ರಿ ಕಡೆಯ ಹುಡುಗರು ಸಂಜೆ ಏಳಕ್ಕೆ ರಸಮಂಜರಿ ಇಟ್ಟುಕೊಂಡಿದ್ದರು. ನಮ್ಮದು ತೀರ್ಥಹಳ್ಳಿಯ ಸಣ್ಣ ಆರ್ಕೆಸ್ಟ್ರಾ. ನಾನು ಹಾಡುವವನೂ ಅಲ್ಲ, ಬಾರಿಸುವವನೂ ಅಲ್ಲ. ಸಾಮಾನಿನ ಜವಾಬ್ದಾರಿ ನಂದು. ಸೌಂಡ್ ಬಾಕ್ಸ್, ಆಂಪ್ಲಿಫೈಯರ್, ಲೈಟು, ಜನರೇಟರ್ ಎಲ್ಲ ಸೇರಿ ಒಂದು ಟನ್ನಿನ ಹತ್ತಿರ ಹತ್ತಿರ ಪಿಕಪ್ಪಿನ ಬೆನ್ನ ಮೇಲಿತ್ತು. ಗಾಡಿ ಯಾವ ಕಂಪನಿಯದು ಅಂತ ಕೇಳಬೇಡಿ. ತಪ್ಪು ಕಂಪನಿಯದಲ್ಲ, ನಂದು!

ನಮ್ಮ ಡ್ರೈವರಣ್ಣ ಐವತ್ತು ದಾಟಿದ ಆಸಾಮಿ. ಗಾಜಿನ ಮೇಲೆ 'ಆಟೋ ರಾಜ'ನ ಸ್ಟಿಕ್ಕರ್. ಅವರಪ್ಪ ಲಾರಿ ಡ್ರೈವರ್ ಆಗಿದ್ದರಂತೆ, ಪವರ್ ಸ್ಟೇರಿಂಗ್ ಅನ್ನೋ ಹೆಸರೇ ಕೇಳದ ಕಾಲದಲ್ಲಿ.

ಮೇಗರವಳ್ಳಿ ಹತ್ತಿರ ಬರುವಾಗ, ತಿರುವು ಬಂದಾಗಲೆಲ್ಲ ಬಾನೆಟ್ ಒಳಗಿಂದ 'ಗುಂಯ್ಯ್...' ಅಂತ ಒಂದು ಅಳು.

"ಸ್ಟೇರಿಂಗ್ ಪಂಪು ಅಳ್ತಾ ಇದೆ ಮಾರಾಯ. ವಾಪಸ್ ತೀರ್ಥಹಳ್ಳಿಗೆ ಹೋಗಿ ತೋರಿಸ್ಕಂಡು ಬರಾಣ."

"ಅಣ್ಣಾ, ಏಳಕ್ಕೆ ಪ್ರೋಗ್ರಾಂ. ಅಡ್ವಾನ್ಸ್ ಈಸ್ಕಂಡಾಗಿದೆ. ಹೋಗಾಣ ಅಣ್ಣಾ..."

ಈ 'ಹೋಗಾಣ' ಅನ್ನೋ ಮಾತು ಇದೆಯಲ್ಲ, ಅದೇ ಈ ಕಥೆಯ ವಿಲನ್!

ಆಗುಂಬೆಯಲ್ಲಿ ಗಾಡಿ ನಿಲ್ಲಿಸಿ ಅವರು ಬಾನೆಟ್ ಎತ್ತಿದರು. ನಾನೇನು ಮಾಡಿದೆ ಗೊತ್ತೇ? 'ಮಾಲ್ಗುಡಿ ಡೇಸ್' ತೆಗೆದ ದೊಡ್ಡಮನೆ ನೋಡಲು ಓಡಿದೆ! 1980ರ ದಶಕದಲ್ಲಿ ಶಂಕರ್‌ನಾಗ್ ಈ ಊರನ್ನೇ ಮಾಲ್ಗುಡಿ ಮಾಡಿದ್ದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರು, ಆದರೂ ಮರದ ಕಂಬಗಳು ಹಾಗೇ ಹೊಳೆಯುತ್ತಾ ನಿಂತಿವೆ. ಹತ್ತು ನಿಮಿಷ ಬಾಯಿ ಬಿಟ್ಟುಕೊಂಡು ನೋಡಿದೆ.

ಬಂದು ನೋಡಿದರೆ ಅಣ್ಣನ ಮುಖ ಕಪ್ಪಿಟ್ಟಿತ್ತು. ಸ್ಟೇರಿಂಗ್ ಆಯಿಲ್ ಡಬ್ಬಿಯ ತಳದಲ್ಲಿ ಕಂದು ಬಣ್ಣದ ನೊರೆ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಇಂಜಿನ್ ಬೆಲ್ಟು ಆ ಪಂಪನ್ನ ತಿರುಗಿಸುತ್ತೆ. ಒಳಗಿರುವ ಪುಟ್ಟ ಪುಟ್ಟ ರೆಕ್ಕೆಗಳು ಆಯಿಲನ್ನ ಭಾರಿ ಒತ್ತಡದಲ್ಲಿ ದೂಡುತ್ತವೆ. ನಾವು ಸ್ಟೇರಿಂಗ್ ಯಾವ ಕಡೆ ತಿರುಗಿಸಿದರೂ ಆ ಆಯಿಲ್ ಅದೇ ಕಡೆಗೆ ಹೆಗಲು ಕೊಡುತ್ತೆ. ಆಯಿಲ್ ಸೋರಿ ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತೆ. ಗಾಳಿ ಹೆಗಲು ಕೊಡಲ್ಲ, ಹಿಸುಕಿದರೆ ಕುಗ್ಗುತ್ತೆ. ಅದಕ್ಕೇ ನೊರೆ, ಅದಕ್ಕೇ ಅಳು. ಪಂಪಿನ ಹೊಟ್ಟೆಗೆ ಜಾರಿಕೆ ಕೊಡೋದೂ ಅದೇ ಆಯಿಲ್. ಅದಿಲ್ಲದೆ ತಿರುಗಿದರೆ ತನ್ನನ್ನ ತಾನೇ ತೇಯ್ದುಕೊಳ್ಳುತ್ತೆ.

ಸೀಟಿನ ಹಿಂದೆ ಅರ್ಧ ಬಾಟಲಿ ಕೆಂಪು ಆಯಿಲ್ ಇತ್ತು. (ಸಿಕ್ಕಿತು ಅಂತ ಬ್ರೇಕ್ ಆಯಿಲ್ ಸುರಿದೀರಿ ಜೋಕೆ! ಒಳಗಿನ ರಬ್ಬರ್ ಸೀಲುಗಳನ್ನ ಅದು ಹಾಳು ಮಾಡುತ್ತೆ.) ಹಾಕಿ ನೋಡಿದಾಗ ಸ್ಟೇರಿಂಗ್ ಬೆಣ್ಣೆಯಾಯಿತು. ನನಗೆ ಖುಷಿಯೋ ಖುಷಿ. ಅಣ್ಣ ಮಾತ್ರ, "ಇದು ಘಾಟಿ ಇಳಿಯೋವರೆಗೂ ನಿಲ್ಲುತ್ತೆ ಅಂತ ಹೇಳಕ್ಕಾಗಲ್ಲ" ಅಂದರು. ನಾನು ಮತ್ತೆ ಅದೇ ಮಾತು ಹೇಳಿದೆ. ಹೋಗಾಣ!

ಸೂರ್ಯಾಸ್ತದ ಕಟ್ಟೆ ದಾಟಿದೆವು. ಜನ ಅರಬ್ಬಿ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದರು. 'ಆಕಸ್ಮಿಕ'ದಲ್ಲಿ ಅಣ್ಣಾವ್ರು ಹಾಡಿ ಅಮರ ಮಾಡಿದ ಸಂಜೆ ಅದು. ನೋಡಲು ಪುರುಸೊತ್ತು ಯಾರಿಗಿತ್ತು? ಕೆಳಗೆ ಹದಿನಾಲ್ಕು ಹೇರ್‌ಪಿನ್ ತಿರುವು.

ನಾಲ್ಕನೇ ತಿರುವಿನಲ್ಲಿ ಪಂಪು ಒಮ್ಮೆ ಕಿರುಚಿತು. ಅಣ್ಣನ ತೋಳಿನ ನರ ಎದ್ದು ನಿಂತವು.

"ಜಾಮ್ ಆಯ್ತಾ ಅಣ್ಣಾ?"

"ಜಾಮ್ ಅಲ್ಲ ಮಾರಾಯ, ಭಾರ. ಎರಡೂ ಬೇರೆ ಬೇರೆ. ಚಕ್ರಕ್ಕೂ ಸ್ಟೇರಿಂಗಿಗೂ ಕಬ್ಬಿಣದ ಸಂಬಂಧ ಹಾಗೇ ಇದೆ. ಹೆಗಲು ಕೊಡೋನು ಓಡಿಹೋದ, ಅಷ್ಟೇ. ಬ್ಯಾಟರಿ ಲೈಟ್ ಹತ್ತಿಲ್ಲ ನೋಡು, ಬೆಲ್ಟು ನೆಟ್ಟಗಿದೆ."

ಪವರ್ ಸತ್ತ ಸ್ಟೇರಿಂಗು ಹಳೇ ಲಾರಿ ಸ್ಟೇರಿಂಗಿಗಿಂತ ಭಾರವಂತೆ. ಹಳೇ ಲಾರಿಯದ್ದು ದೊಡ್ಡ ಚಕ್ರ, ಹೆಚ್ಚು ಸುತ್ತು. ಇದು ಪುಟ್ಟ ಚಕ್ರ, ಕಮ್ಮಿ ಸುತ್ತು. ಅಲ್ಲೇ ನಿಲ್ಲಿಸಬೇಕಿತ್ತು ಅಂತೀರಾ? ಎಲ್ಲಿ ನಿಲ್ಲಿಸೋದು? ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೋಟುಗೋಡೆ, ಹಿಂದೆ ಕಾರುಗಳ ಹಾರ್ನು. ಆ ಕಿರುಚಾಟ ಕೇಳಲಾರದೆ, "ಇಂಜಿನ್ ಆಫ್ ಮಾಡಿ ಇಳಿಸಿ ಅಣ್ಣಾ" ಅಂದೆ. ಅವರು ನನ್ನನ್ನ ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

"ಇಂಜಿನ್ ಆಫ್ ಆದ್ರೆ ಬ್ರೇಕಿಗೆ ವ್ಯಾಕ್ಯೂಮ್ ಎಲ್ಲಿಂದ ಬರ್ತದೆ? ಎರಡು ಸಲ ತುಳಿಯೋದ್ರೊಳಗೆ ಪೆಡಲ್ಲು ಕಲ್ಲಾಗ್ತದೆ. ಸುಮ್ಮನೆ ಕೂರು!"

ಫಸ್ಟ್ ಗೇರು. ನಡೆಯುವವನ ವೇಗ. ತಿರುವು ಬರುವ ಮೊದಲೇ ಎರಡೂ ಕೈಯಲ್ಲಿ ಎಳೆಯಲು ಶುರು. ಉರುಳುವ ಚಕ್ರ ಬೇಗ ಬಗ್ಗುತ್ತೆ, ನಿಂತ ಚಕ್ರ ಬಗ್ಗಲ್ಲ. ಐದು... ಆರು... ಅವರ ಅಂಗಿ ಬೆನ್ನಿಗೆ ಅಂಟಿತ್ತು.

ಏಳನೆಯದರಲ್ಲಿ ಎದುರಿಂದ ಮಿನಿ ಬಸ್!

ಏರಿ ಬರುವ ಗಾಡಿಗೆ ದಾರಿ ಬಿಡಬೇಕು, ಅದು ಘಾಟಿಯ ಧರ್ಮ. ಅಣ್ಣ ನಿಲ್ಲಿಸಿದರು. ಬಸ್ಸು ಹೋಯಿತು, ಆದರೆ ನಮ್ಮ ಗಾಡಿಯ ಮೂತಿ ಮೋಟುಗೋಡೆಗೆ ಒಂದು ಮೊಳ ದೂರದಲ್ಲಿ. ಇನ್ನು ರಿವರ್ಸ್ ತೆಗೆಯದೆ ತಿರುಗಲ್ಲ. ನಾನು ಜಿಗಿದು ಒಂದು ಕಲ್ಲು ಹುಡುಕಿ ಚಕ್ರಕ್ಕೆ ಕೊಟ್ಟೆ, ಹಿಂದಿನ ಕಾರುಗಳನ್ನ ಕೈಮುಗಿದು ಹಿಂದೆ ಸರಿಸಿದೆ. ಅಣ್ಣ ಗೇಣು ಹಿಂದೆ, ಗೇಣು ಮುಂದೆ, ಉರುಳುವಾಗ ಮಾತ್ರ ಸ್ಟೇರಿಂಗ್ ಎಳೆಯುತ್ತಾ ಐದು ಸಲ ಹೋರಾಡಿದರು. ಮೂರನೇ ಸಲ ಮುಂದಿನ ಬಂಪರ್ ಗೋಡೆಗೆ ತಾಗಿ ಒಂದು ಚಕ್ಕೆ ಕೆಳಗೆ ಬಿತ್ತು. ಅದು ತಳ ಮುಟ್ಟಿದ ಶಬ್ದ ನನಗೆ ಕೇಳಿಸಲಿಲ್ಲ. ಏಳು ಗಂಟೆಯ ಪ್ರೋಗ್ರಾಂ, ಅಡ್ವಾನ್ಸು, ಎಲ್ಲ ಆ ಕ್ಷಣಕ್ಕೆ ತಲೆಯಿಂದ ಹಾರಿಹೋಯಿತು. ಒಳಗೆ ಕೂತವರ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಅನ್ನೋದೊಂದೇ ನೆನಪು.

ಉಳಿದ ಏಳು ತಿರುವು ಹೇಗೆ ಇಳಿದೆವೋ ದೇವರಿಗೇ ಗೊತ್ತು. ಸೋಮೇಶ್ವರದಲ್ಲಿ ಚಾ ತಗೊಂಡಾಗ ಅಣ್ಣ ಲೋಟವನ್ನ ಎರಡೂ ಕೈಯಲ್ಲಿ ಹಿಡಿದುಕೊಂಡರು. ಆದರೂ ತುಳುಕಿತು. ರಸಮಂಜರಿ ಒಂಬತ್ತಕ್ಕೆ ಶುರುವಾಯಿತು. ಹುಡುಗರು ಬೈದರು, ಬೈಸಿಕೊಂಡೆ.

ಮಾರನೇ ದಿನ ಹೆಬ್ರಿಯಲ್ಲಿ ಮೆಕ್ಯಾನಿಕ್ ಪಂಪು ಬಿಚ್ಚಿ ತೋರಿಸಿದ. ಒಳಗೆಲ್ಲ ಬೆಕ್ಕು ಪರಚಿದ ಹಾಗೆ ಗೀರು. ಮೂಲ ಕಾರಣ? ರಿಟರ್ನ್ ಪೈಪಿನ ಒಂದು ಸಡಿಲ ಕ್ಲಿಪ್ಪು! ಅದರ ಬೆಲೆ ಒಂದು ಸಿನಿಮಾ ಟಿಕೆಟ್ಟಿನಷ್ಟೂ ಇಲ್ಲ. ಹೊಸ ಪಂಪಿಗೆ ನನ್ನ ಎರಡು ತಿಂಗಳ ದುಡಿಮೆ ಹೋಯಿತು. ಹಳೇ ಆಯಿಲ್ ಪೂರ್ತಿ ತೊಳೆದು ತೆಗೆದ. ಮುಂದಿನ ಚಕ್ರಗಳನ್ನ ಜಾಕ್ ಮೇಲೆತ್ತಿ, ಇಂಜಿನ್ ಆಫ್ ಇದ್ದಾಗಲೇ ಸ್ಟೇರಿಂಗನ್ನ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸುತ್ತಾ, ಡಬ್ಬಿಯಲ್ಲಿ ಗುಳ್ಳೆ ನಿಲ್ಲುವವರೆಗೂ ಆಯಿಲ್ ಹಾಕುತ್ತಾ ಹೋದ. ಸ್ಟಾರ್ಟ್ ಮಾಡಿದ್ದು ಆಮೇಲೆ.

ವಾಪಸ್ ಘಾಟಿ ಹತ್ತುವಾಗ ಅಣ್ಣ ಎರಡೇ ಬೆರಳಲ್ಲಿ ತಿರುಗಿಸುತ್ತಿದ್ದರು. ಬೆರಳು ಇನ್ನೂ ಊದಿಕೊಂಡಿದ್ದವು. ಆ ತಿರುವಿಗೆ ಬಂದಾಗ ಗಾಡಿ ನಿಂತಿತು. ನಾನು ನಿನ್ನೆ ಚಕ್ರಕ್ಕೆ ಕೊಟ್ಟ ಕಲ್ಲು ರಸ್ತೆ ನಡುವೆ ಹಾಗೇ ಬಿದ್ದಿತ್ತು.

"ಇಳಿದು ಎತ್ತಿಡು. ನಿನ್ನೆ ಬೈಕಿನವ ಯಾರಾದ್ರೂ ಬಿದ್ದಿದ್ರೆ ಎಂತ ಮಾಡ್ತಿದ್ದೆ?"

ಇಳಿದು ಎತ್ತಿಟ್ಟೆ.