ಇನ್ನೊಂದು ಎಲೆ

ಊಟದ ಹೊತ್ತಿಗೆ ಇಬ್ಬರು ಹೆಚ್ಚಿಗೆ ಬಂದರೆ ಮನೆಯಾಕೆ ಸಾರಿಗೆ ಒಂದು ಚೊಂಬು ನೀರು ಸೇರಿಸಿ, ಇನ್ನೆರಡು ಎಲೆ ಹಾಕಿ ಮನೆಯ ಮಾನ ಉಳಿಸುವುದುಂಟು. ಕಂಪ್ಯೂಟರಿನ ಹೊಟ್ಟೆಯೊಳಗೆ ಈ ಉಪಾಯ ನಡೆಯದು. ಅಲ್ಲಿ ಎಲೆ ಹಾಕುವುದು ಬಲು ಸುಲಭ. ಬಡಿಸುವುದಕ್ಕೆ ಅನ್ನವಿದೆಯೇ ಎಂದು ಕೇಳುವವರೇ ಇಲ್ಲ.

ನಮ್ಮ ತಾಯಿಯ ಹಾಡುಗಳು ಹಳೆಯ ಕ್ಯಾಸೆಟ್ಟುಗಳಲ್ಲಿದ್ದವು. ಅವನ್ನು ಕಂಪ್ಯೂಟರಿಗೆ ತುಂಬಿದ ಮೇಲೆ, ಇನ್ನೊಂದು ಪ್ರತಿ ಇರಲೆಂದು ಮೂರನೆಯ ಹಾರ್ಡ್ ಡಿಸ್ಕೊಂದನ್ನು ತಂದೆ. ಅದಕ್ಕೆ ವಿದ್ಯುತ್ತು ಕೊಡಲು ಬೇಕಾದ 15 ಪಿನ್ನಿನ ಚಪ್ಪಟೆ ‘ಸಾಟಾ’ ಬಾಯಿಗಳೆಲ್ಲ ಆಗಲೇ ಭರ್ತಿ. ಉಳಿದಿದ್ದುದು ಹಳೆಯ ತಲೆಮಾರಿನ ನಾಲ್ಕು ಪಿನ್ನಿನ ‘ಮೊಲೆಕ್ಸ್’ ಒಂದೇ: ಹಳದಿ ತಂತಿಯಲ್ಲಿ 12 ವೋಲ್ಟು, ಕೆಂಪಿನಲ್ಲಿ 5, ನಡುವೆ ಎರಡು ಕಪ್ಪು.

ಇದನ್ನು ಅದಾಗಿಸುವ ತುಂಡು ತಂತಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ತಮ್ಮನ ಮಗ ತಡೆದ. “ದೊಡ್ಡಪ್ಪ, ಇದರಲ್ಲಿ ಎರಡು ಜಾತಿ ಇದೆ, ನೋಡಿ ತನ್ನಿ” ಎಂದ. ಒಂದರಲ್ಲಿ ತಂತಿಗಳನ್ನಿಟ್ಟು ಮೇಲೆ ಕರಗಿದ ಪ್ಲಾಸ್ಟಿಕ್ ಎರೆದಿರುತ್ತಾರೆ. ಒಳಗೆ ತಂತಿ ಕೊಂಚ ಸರಿದಿದ್ದರೂ ಹೊರಗಿನವರಿಗೆ ತಿಳಿಯದು. ಒಂದು ದಿನ ಎರಡು ತಂತಿ ಒಂದಕ್ಕೊಂದು ತಾಗಿ ಹೊಗೆ, ಬೆಂಕಿ. ಇನ್ನೊಂದರಲ್ಲಿ ತಂತಿಗಳನ್ನು ಲೋಹದ ಹಲ್ಲುಗಳಿಗೆ ಒತ್ತಿ ಕೂರಿಸಿ, ಹಿಂದೆ ಬೇರೆ ಮುಚ್ಚಳ ಹಾಕಿರುತ್ತಾರೆ. ತರಬೇಕಾದದ್ದು ಇದು. ಮೊದಲನೆಯದರ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಾಸವೇ ಹುಟ್ಟಿದೆಯಂತೆ. ಹುಡುಗ ಅದನ್ನು ಕನ್ನಡಕ್ಕೆ ತಂದ: “ಮೊಲೆಕ್ಸಿನಿಂದ ಸಾಟಾ, ಡೇಟಾಕ್ಕೆ ಟಾಟಾ!”

ನಗು ಬಂತು. ಜೊತೆಗೆ ನನ್ನ ಸ್ನೇಹಿತರೊಬ್ಬರ ನೆನಪೂ ಬಂತು. ಅವರ ಪವರ್ ಸಪ್ಲೈ ಪೆಟ್ಟಿಗೆ ತಂತಿಗಳನ್ನು ಕಳಚಿ ಹಾಕುವ ಬಗೆಯದು. ಇಂಥವುಗಳಲ್ಲಿ ಡಿಸ್ಕಿನ ಕಡೆಯ ಬಾಯಿ ಲೋಕಕ್ಕೆಲ್ಲ ಒಂದೇ. ಪೆಟ್ಟಿಗೆಯ ಕಡೆಯದು ಮಾತ್ರ ಕಂಪನಿಗೊಂದು ಬಗೆ. ಆಕಾರ ಒಂದೇ ಇದ್ದರೂ ಒಳಗಿನ ಕ್ರಮ ಬೇರೆ. ಒಂದು ಅಂಗಡಿಯ ಹುಡುಗ ಮೇಜಿನ ಖಾನೆಯಿಂದ ಬೇರಾವುದೋ ಪೆಟ್ಟಿಗೆಯ ತಂತಿಯನ್ನು ತೆಗೆದು ಸಿಕ್ಕಿಸಿದ. ಸರಿಯಾಗಿಯೇ ಕೂತಿತು. 5 ವೋಲ್ಟು ಹೋಗಬೇಕಾದಲ್ಲಿ 12 ಹೋಯಿತು. ಡಿಸ್ಕು ಕಣ್ಣು ಮಿಟುಕಿಸುವಷ್ಟರಲ್ಲಿ ಸತ್ತಿತು. ಅದರಲ್ಲಿದ್ದುದು ಅವರ ತಂದೆಯ ದಿನಚರಿ ಪುಟಗಳ ಚಿತ್ರಗಳು. ಮೂಲ ಪುಸ್ತಕಗಳನ್ನು ಗೆದ್ದಲು ಮೊದಲೇ ಮುಗಿಸಿತ್ತು. ಅಂಗಡಿಯಾತ ಹೊಸ ಡಿಸ್ಕು ಕೊಡಲು ಒಪ್ಪಿದ. ಅದರಲ್ಲಿ ತಂದೆ ಇರಲಿಲ್ಲ.

ನಮ್ಮ ಹುಡುಗ ಕೆಲಸಕ್ಕೆ ಮುಂಚೆ ಕಾಗದ ಪೆನ್ಸಿಲು ತೆಗೆದುಕೊಂಡ. ಈ ಕಾಲದ ಹುಡುಗರಲ್ಲಿ ಇದು ಅಪರೂಪ. ದೊಡ್ಡ ಡಿಸ್ಕು ತಿರುಗಲು ಹೊರಡುವ ಗಳಿಗೆಯಲ್ಲಿ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ಆಮೇಲೆ ಅದರ ಹಸಿವು ಇಳಿಯುತ್ತದೆ. ಮೂರೂ ಒಟ್ಟಿಗೆ ಎದ್ದರೆ 6 ಆಂಪಿಯರ್, ಅಂದರೆ 72 ವಾಟು. ಪೆಟ್ಟಿಗೆಯ ಮೇಲಿನ ಚೀಟಿ ನೋಡಿ, ಉಳಿದ ಖರ್ಚು ಕಳೆದು, “ಸಾಲುತ್ತೆ” ಎಂದ. ಕವಲಿಗೆ ಇನ್ನೊಂದು ಕವಲು ಸಿಕ್ಕಿಸುವ ಮಾತೇ ಬೇಡವೆಂದ. ಗ್ರಾಫಿಕ್ಸ್ ಕಾರ್ಡಿಗೂ ಸಾಟಾ ಬಾಯಿಂದ ಕೊಡಬಹುದೆ ಎಂದು ಕುತೂಹಲಕ್ಕೆ ಕೇಳಿದೆ. ಸಾಟಾದಲ್ಲಿ 12 ವೋಲ್ಟಿಗೆ ಮೂರು ಪಿನ್ನು, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು 54 ವಾಟು. ಕಾರ್ಡಿನ ಆರು ಪಿನ್ನಿನ ಬಾಯಿ ಕೇಳಬಹುದಾದದ್ದು 75. ಹುಡುಗ ನನ್ನ ಮುಖ ನೋಡಿ ಸುಮ್ಮನಾದ.

ಆಮೇಲಿನದು ಹತ್ತು ನಿಮಿಷದ ಕೆಲಸ. ಗೋಡೆಯ ಪ್ಲಗ್ಗು ಕಿತ್ತು, ಉಳಿದ ವಿದ್ಯುತ್ತು ಇಳಿಯಲೆಂದು ಗುಂಡಿಯನ್ನೊಮ್ಮೆ ಒತ್ತಿ, ಪೆಟ್ಟಿಗೆಯ ಲೋಹ ಮುಟ್ಟಿಕೊಂಡು ಕೂತ. ತಂತಿಯನ್ನು ಫ್ಯಾನಿಗೆ ತಾಗದಂತೆ ಕಟ್ಟಿದ. ಪವರ್ ಸಪ್ಲೈಯ ಮುಚ್ಚಳಕ್ಕಂತೂ ಕೈ ಹಚ್ಚಲಿಲ್ಲ. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಅವಿತಿರಬಹುದಂತೆ. ಅರ್ಧ ಗಂಟೆ ನಡೆಸಿ, ಆರಿಸಿ, ಜ್ವರದ ಮಗುವಿನ ಹಣೆ ನೋಡುವಂತೆ ಹೊಸ ಜೋಡಣೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಬಿಸಿಯಿರಲಿಲ್ಲ.